ಒಂದು ವರ್ಷ ಅಂದರೆ ಎಷ್ಟು ವರ್ಷ?

ಎಲ್ಲರಿಗೂ ನಮಸ್ಕಾರ.

ಈ ಸಂಜೆಯ ಮಾತನ್ನು ಒಂದು ಕರಾರುಪತ್ರದಿಂದ ಶುರು ಮಾಡುತ್ತೇನೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಡುವ ಪ್ರತಿಯೊಬ್ಬ ಆಟಗಾರನೂ ಸಹಿ ಹಾಕಬೇಕಿದ್ದ, ಎಲ್ಲರಿಗೂ ಒಂದೇ ನಮೂನೆಯ, ಅಚ್ಚಾದ ಕರಾರು ಅದು. ಅದರಲ್ಲಿ 10ಎ ಅಂತ ಒಂದು ಕಲಮು. ಸಾರ ಇಷ್ಟು: ಮುಂದಿನ ಸಂಬಳದ ಬಗ್ಗೆ ಆಟಗಾರನಿಗೂ ಕ್ಲಬ್ಬಿಗೂ ಹೊಂದಾಣಿಕೆ ಆಗದಿದ್ದರೆ, ಕ್ಲಬ್ಬು ಹಳೆಯ ಕರಾರನ್ನು ಅದೇ ಷರತ್ತುಗಳ ಮೇಲೆ ‘ಒಂದು ವರ್ಷದ ಅವಧಿಗೆ’ ನವೀಕರಿಸಬಹುದು.

ಒಂದು ವರ್ಷ. ಓದಿದರೆ ಗಾಬರಿಪಡುವಂಥದ್ದೇನೂ ಕಾಣುವುದಿಲ್ಲ. ಆದರೆ ಮಾಲೀಕರ ಲೆಕ್ಕವೇ ಬೇರೆ ಇತ್ತು. ನವೀಕರಿಸಿದ ಕರಾರಿನಲ್ಲೂ ಅದೇ 10ಎ ಇರುತ್ತದಲ್ಲ, ಹಾಗಾಗಿ ಮುಂದಿನ ವರ್ಷ ಮತ್ತೆ ನವೀಕರಿಸಬಹುದು, ಅದರಾಚೆಯ ವರ್ಷ ಮತ್ತೆ. ಆಟಗಾರನ ಮೈಯಲ್ಲಿ ಕಸುವು ಇರುವ ತನಕ, ಇಲ್ಲವೇ ಕ್ಲಬ್ಬೇ ಅವನನ್ನು ಇನ್ನೊಂದು ಕ್ಲಬ್ಬಿಗೆ ಮಾರುವ ತನಕ. ಸುಮಾರು ನೂರು ವರ್ಷ ಕಾಲ ಆ ಆಟದಲ್ಲಿ ಒಂದು ವರ್ಷ ಅಂದರೆ ಒಂದು ಆಯಸ್ಸು ಎಂದೇ ಅರ್ಥವಿತ್ತು.

ನಾನು ಬೇಸ್‌ಬಾಲ್ ಆಡಿದವನಲ್ಲ. ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ, ಅಲ್ಲಿನ ಯೂನಿಯನ್ ಪರವಾಗಿ ವೇತನ ಒಪ್ಪಂದದ ಮಾತುಕತೆಗಳಲ್ಲಿ ಕೂತವನು. ಒಮ್ಮೆ ಒಂದು ಕಲಮಿನಲ್ಲಿ ‘ಮತ್ತು’ ಇರಬೇಕೋ ‘ಅಥವಾ’ ಇರಬೇಕೋ ಎಂದು ಮಧ್ಯಾಹ್ನ ಊಟ ಬಿಟ್ಟು ಸಂಜೆ ದೀಪ ಹಚ್ಚುವ ತನಕ ವಾದ ಮಾಡಿದ್ದೇವೆ. ಹೊರಗೆ ಗೇಟಿನ ಹತ್ತಿರ ಕಾಯುತ್ತಿದ್ದವರಿಗೆ, ಒಂದು ಪದಕ್ಕೆ ಇಷ್ಟು ಹೊತ್ತೇ ಎಂದು ಸಿಟ್ಟು. ಅದಕ್ಕೇ, ಒಂದು ಆಟದ ಹಣದ ಚರಿತ್ರೆಯೆಲ್ಲ ಎರಡು ಪದಗಳ ಅರ್ಥದ ಮೇಲೆ ನಿಂತಿತ್ತು ಎಂದು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮವರದೇ ಕತೆ ಅನ್ನಿಸಿತು.

ಇದಕ್ಕೆ ಅಲ್ಲಿನವರು ಇಟ್ಟ ಹೆಸರು ರಿಸರ್ವ್ ಕ್ಲಾಸ್, ಅಂದರೆ ಕಾಯ್ದಿರಿಸುವ ಕಲಮು. ಶುರುವಾದದ್ದು 1879ರಲ್ಲಿ. ನ್ಯಾಷನಲ್ ಲೀಗಿನ ಮಾಲೀಕರು ಗುಟ್ಟಾಗಿ ಸೇರಿ, ಪ್ರತಿ ತಂಡವೂ ತನ್ನ ಐದು ಆಟಗಾರರ ಹೆಸರು ಕೊಡುವುದು, ಉಳಿದವರು ಯಾರೂ ಆ ಐವರನ್ನು ಕರೆಯಬಾರದು ಎಂದು ಮಾತಾಡಿಕೊಂಡರು. ಕೆಲವೇ ವರ್ಷಗಳಲ್ಲಿ ಐವರು ಹೋಗಿ ಇಡೀ ತಂಡವೇ ಕಾಯ್ದಿರಿಸಿದ ಪಟ್ಟಿಗೆ ಬಂತು. 1888ರ ಕೊನೆಗೆ ಮಾಲೀಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಟಗಾರರನ್ನು ಎ ಇಂದ ಇ ವರೆಗೆ ಐದು ದರ್ಜೆಗಳಾಗಿ ವಿಂಗಡಿಸಿ, ಮೇಲಿನ ದರ್ಜೆಗೆ ವರ್ಷಕ್ಕೆ 2,500 ಡಾಲರ್, ಕೆಳಗಿನದಕ್ಕೆ 1,500 ಡಾಲರ್ ಎಂದು ಗೆರೆ ಎಳೆದರು. ದರ್ಜೆ ನಿರ್ಧರಿಸುವಾಗ ಆಟದ ಜೊತೆಗೆ ಮೈದಾನದ ಹೊರಗಿನ ನಡತೆಯನ್ನೂ ನೋಡಲಾಗುತ್ತಿತ್ತು.

ಇದಕ್ಕೆ ಎದುರು ನಿಂತವರು ಜಾನ್ ಮಾಂಟ್ಗೊಮೆರಿ ವಾರ್ಡ್. ನ್ಯೂಯಾರ್ಕ್ ತಂಡದ ಆಟಗಾರ. ಆಡುತ್ತಲೇ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಕಾನೂನು ಓದಿದವರು. 1885ರಲ್ಲಿ ಆಟಗಾರರ ಮೊದಲ ಸಂಘ ಕಟ್ಟಿದರು. 1887ರಲ್ಲಿ ಒಂದು ಪತ್ರಿಕೆಯಲ್ಲಿ, ಬೇಸ್‌ಬಾಲ್ ಆಟಗಾರ ಅಂದರೆ ಒಡೆಯನ ಚರಸ್ವತ್ತೇ ಎಂದು ನೇರವಾಗಿ ಕೇಳಿ ಲೇಖನ ಬರೆದರು. 1890ರಲ್ಲಿ ಬಹುಪಾಲು ಒಳ್ಳೆಯ ಆಟಗಾರರನ್ನು ಕಟ್ಟಿಕೊಂಡು ಬೇರೆ ಲೀಗನ್ನೇ ನಡೆಸಿದರು. ಆಟ ಚೆನ್ನಾಗಿ ನಡೆಯಿತು, ದುಡ್ಡು ಹಾಕಿದವರು ಒಂದೇ ವರ್ಷಕ್ಕೆ ಕೈಬಿಟ್ಟರು. ಆಟಗಾರರು ತಲೆತಗ್ಗಿಸಿ ಹಳೆಯ ಮಾಲೀಕರ ಬಳಿಗೆ ವಾಪಸಾದರು. ಅಲ್ಲಿಂದ ಮುಂದೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತು ಹೋರಾಡಿದ ಸಂಘ ಒಂದೂ ಇಲ್ಲ.

ನ್ಯಾಯಾಲಯಕ್ಕೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋದರು. ಅಮೆರಿಕದಲ್ಲಿ ಮಾಲೀಕರೆಲ್ಲ ಒಂದಾಗಿ ಪೈಪೋಟಿ ಕೊಲ್ಲುವುದನ್ನು ತಡೆಯುವ ಕಾಯ್ದೆ 1890ರಿಂದಲೂ ಇದೆ. ಆದರೆ 1922ರಲ್ಲಿ ಸುಪ್ರೀಂ ಕೋರ್ಟ್ ಬಾಲ್ಟಿಮೋರಿನ ಒಂದು ಕ್ಲಬ್ಬಿನ ದಾವೆಯಲ್ಲಿ ಹೇಳಿದ್ದೇನು? ಬೇಸ್‌ಬಾಲ್ ಪಂದ್ಯ ನಡೆಸುವುದು ರಾಜ್ಯರಾಜ್ಯಗಳ ನಡುವಿನ ವ್ಯಾಪಾರವಲ್ಲ, ಆದ್ದರಿಂದ ಆ ಕಾಯ್ದೆ ಇದಕ್ಕೆ ತಾಗುವುದಿಲ್ಲ. ಬರೆದವರು ಆಲಿವರ್ ವೆಂಡೆಲ್ ಹೋಮ್ಸ್, ಬಹಳ ದೊಡ್ಡ ಹೆಸರಿನ ನ್ಯಾಯಮೂರ್ತಿ. ತಂಡಗಳು ರೈಲು ಹತ್ತಿ ಊರಿಂದೂರಿಗೆ ಹೋಗಿ ಟಿಕೆಟ್ ಮಾರಿ ದುಡ್ಡು ಎಣಿಸುತ್ತಿದ್ದವು. ಆದರೂ ವ್ಯಾಪಾರವಲ್ಲ. 1953ರಲ್ಲಿ ಮತ್ತೆ ಅದೇ ಪ್ರಶ್ನೆ ಬಂದಾಗ, ಬದಲಾಯಿಸುವುದಾದರೆ ಸಂಸತ್ತು ಬದಲಾಯಿಸಲಿ ಎಂದು ಕೋರ್ಟು ಕೈ ತೊಳೆದುಕೊಂಡಿತು.

ಈಗ 1966ಕ್ಕೆ ಬರುತ್ತೇನೆ. ಆಟಗಾರರ ಸಂಘ ಅಂತ ಹೆಸರಿಗೊಂದು ಇತ್ತು, ಅದಕ್ಕೆ ಪೂರ್ಣಾವಧಿಯ ನಾಯಕರಿರಲಿಲ್ಲ. ಪಿಂಚಣಿ ನಿಧಿಯ ಬಗ್ಗೆ ಕಳವಳಗೊಂಡ ಕೆಲವು ಹಿರಿಯ ಆಟಗಾರರು ಉಕ್ಕು ಕಾರ್ಮಿಕರ ಯೂನಿಯನ್ನಿನಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಮಾರ್ವಿನ್ ಮಿಲ್ಲರ್ ಅವರನ್ನು ಕರೆತಂದರು. ಬ್ರೂಕ್ಲಿನ್‌ನಲ್ಲಿ ಬೆಳೆದ, ತೆಳ್ಳಗಿನ, ಮೆಲುದನಿಯ ಮನುಷ್ಯ. ಗದ್ದಲದ ಭಾಷಣ ಮಾಡಿದವರಲ್ಲ. ಅವರು ಬಂದಾಗ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್. ಇಪ್ಪತ್ತು ವರ್ಷದಲ್ಲಿ ಅದು ಏರಿದ್ದು ಬರೀ ಒಂದು ಸಾವಿರ.

ಮಿಲ್ಲರ್ ಮೊದಲು ಕೈಹಾಕಿದ್ದು ಸಂಬಳಕ್ಕಲ್ಲ, ಬಬಲ್ ಗಮ್ ಜೊತೆ ಬರುತ್ತಿದ್ದ ಚಿತ್ರದ ಕಾರ್ಡುಗಳಿಗೆ. ಟಾಪ್ಸ್ ಕಂಪನಿ ಆ ಕಾರ್ಡುಗಳನ್ನು ಕೋಟಿಗಟ್ಟಲೆ ಮಕ್ಕಳಿಗೆ ಮಾರುತ್ತಿತ್ತು. ಮೇಜರ್ ಲೀಗಿನ ಕೆಳಗಿನ ಹಂತವಾದ ಕಿರಿಯ ಲೀಗಿನ ಹುಡುಗರಿಂದ ಐದು ಡಾಲರ್ ಕೊಟ್ಟು ಸಹಿ ಮಾಡಿಸಿಕೊಳ್ಳುವುದು, ಮೇಜರ್ ಲೀಗಿಗೆ ಬಂದ ಮೇಲೆ ವರ್ಷಕ್ಕೆ 125 ಡಾಲರ್ ಕೊಡುವುದು. ಅಷ್ಟೇ. ಮಿಲ್ಲರ್ ಕಂಪನಿಯವರನ್ನು ಕಂಡು ಪಾಲು ಕೇಳಿದರು, ಅವರು ಆಗುವುದಿಲ್ಲ ಎಂದರು. ಮಿಲ್ಲರ್ ಆಟಗಾರರಿಗೆ ಹೇಳಿದ್ದು ಒಂದೇ ಮಾತು: ಇನ್ನು ಮುಂದೆ ಹೊಸ ಕರಾರಿಗೆ ಸಹಿ ಹಾಕಬೇಡಿ. ಒಂದೆರಡು ಋತು ಕಳೆಯುವಷ್ಟರಲ್ಲಿ ಕಂಪನಿಯೇ ಬಂತು. 125 ಹೋಗಿ 250 ಆಯಿತು, ಅದರ ಮೇಲೆ ಮಾರಾಟದಲ್ಲಿ ಪಾಲು. ಮೊತ್ತ ಚಿಕ್ಕದು, ಪಾಠ ದೊಡ್ಡದು. ಒಬ್ಬನೇ ಬೇಡ ಎಂದರೆ ಹಟ, ಎಲ್ಲರೂ ಬೇಡ ಎಂದರೆ ಬೆಲೆ ಎಂಬುದು ಆ ಹುಡುಗರ ಅನುಭವಕ್ಕೆ ಬಂದದ್ದು ಆಗಲೇ. 1968ರಲ್ಲಿ ಆಟದ ಚರಿತ್ರೆಯ ಮೊದಲ ಸಾಮೂಹಿಕ ಒಪ್ಪಂದವಾಯಿತು, ಕನಿಷ್ಠ ಸಂಬಳ 10,000ಕ್ಕೆ ಏರಿತು. 1970ರ ಎರಡನೇ ಒಪ್ಪಂದದಲ್ಲಿ ಮಿಲ್ಲರ್ ಇನ್ನೊಂದು ಸಾಲು ಸೇರಿಸಿದರು. ಕರಾರಿನ ಅರ್ಥದ ಬಗ್ಗೆ ತಕರಾರು ಬಂದರೆ ತೀರ್ಪು ಕೊಡುವವರು ಮಾಲೀಕರೇ ನೇಮಿಸಿದ ಕಮಿಷನರ್ ಅಲ್ಲ, ಹೊರಗಿನ ಮಧ್ಯಸ್ಥಗಾರ. ಆ ಸಾಲನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಅದಕ್ಕೆ ಮೊದಲು ಕರ್ಟ್ ಫ್ಲಡ್ ಅವರ ಬಗ್ಗೆ ಹೇಳಬೇಕು. ಅವರ ವಿಷಯದಲ್ಲಿ ಅವಸರ ಮಾಡಲು ನನಗೆ ಮನಸ್ಸಿಲ್ಲ.

ಫ್ಲಡ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಸೆಂಟರ್ ಫೀಲ್ಡರ್. ಹನ್ನೆರಡು ವರ್ಷ ಅದೇ ತಂಡಕ್ಕೆ ಆಡಿದವರು. ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಏಳು ಸಲ ಪಡೆದವರು. 1964ರಲ್ಲೂ 1967ರಲ್ಲೂ ವಿಶ್ವ ಸರಣಿ, ಅಂದರೆ ವರ್ಷದ ಕೊನೆಯ ಪಟ್ಟದ ಸರಣಿ, ಗೆದ್ದ ತಂಡದಲ್ಲಿದ್ದರು. ಕಪ್ಪು ಜನಾಂಗದವರು. ಹದಿಹರೆಯದಲ್ಲಿ ದಕ್ಷಿಣದ ರಾಜ್ಯಗಳ ಕಿರಿಯ ಲೀಗುಗಳಲ್ಲಿ ಆಡುವಾಗ ನಡೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಒಂದೇ ದಿನ ಎರಡು ಪಂದ್ಯ. ಮೊದಲ ಪಂದ್ಯ ಮುಗಿಸಿ ಬೆವರಿನ ಬಟ್ಟೆ ಕಳಚಿ ಎಲ್ಲರ ಬಟ್ಟೆಯ ರಾಶಿಯ ಮೇಲೆ ಹಾಕಿದರೆ, ಕೋಣೆ ನೋಡಿಕೊಳ್ಳುವವನು ಒಂದು ಕೋಲಿನ ತುದಿಯಿಂದ ಅವರ ಬಟ್ಟೆಯನ್ನು ಮಾತ್ರ ಎತ್ತಿ ಬೇರೆ ಇಟ್ಟ. ಅದು ಊರಾಚೆಯ ಕರಿಯರ ಲಾಂಡ್ರಿಗೆ ಹೋಗಬೇಕು. ಎರಡನೇ ಪಂದ್ಯಕ್ಕೆ ಹೊತ್ತಾಗಿದೆ, ಎಲ್ಲರೂ ಸಿದ್ಧರಾಗಿದ್ದಾರೆ, ಈ ಹುಡುಗ ಮೈಮೇಲೆ ಬಟ್ಟೆಯಿಲ್ಲದೆ ಕೂತಿದ್ದಾನೆ. ಕೋಲಿನ ತುದಿಯಲ್ಲಿ ಬಟ್ಟೆ ಎತ್ತುವುದು ಏನೆಂದು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

1969ರ ಅಕ್ಟೋಬರಿನಲ್ಲಿ ಒಂದು ನಸುಕಿಗೆ ಫೋನ್ ಬಂತು. ಮಾತಾಡಿದವನು ಒಬ್ಬ ಪತ್ರಕರ್ತ: ನಿಮ್ಮನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟುಬಿಟ್ಟಿದ್ದಾರೆ. ಹನ್ನೆರಡು ವರ್ಷದ ಮನೆ, ಗೆಳೆಯರು, ಊರು ಎಲ್ಲ ಮುಗಿಯಿತು. ಕ್ಲಬ್ಬಿನಿಂದ ಅವರ ಕೈಗೆ ಬಂದದ್ದು ಖಾಲಿ ಜಾಗಗಳನ್ನು ತುಂಬಿದ ಒಂದು ಅಚ್ಚಿನ ಚೀಟಿ.

ಫ್ಲಡ್ ಮಿಲ್ಲರ್ ಅವರನ್ನು ಕಂಡು ಕೋರ್ಟಿಗೆ ಹೋಗುತ್ತೇನೆ ಎಂದರು. ಮಿಲ್ಲರ್ ಹುರಿದುಂಬಿಸಲಿಲ್ಲ. ನೀವು ಸೋಲುವ ಸಂಭವವೇ ಹೆಚ್ಚು, ಗೆದ್ದರೂ ನಿಮಗೆ ಒಂದು ಕಾಸೂ ಬರುವುದಿಲ್ಲ, ನಿಮ್ಮ ಆಟ ಇಲ್ಲಿಗೆ ಮುಗಿಯಿತು ಎಂದೇ ತಿಳಿಯಿರಿ ಎಂದು ಬಿಡಿಸಿ ಹೇಳಿದರು. ಫ್ಲಡ್ ಕೇಳಿದ್ದು ಒಂದೇ ಪ್ರಶ್ನೆ: ಉಳಿದ ಆಟಗಾರರಿಗೆ, ಮುಂದೆ ಬರುವವರಿಗೆ ಇದರಿಂದ ಒಳ್ಳೆಯದಾಗುತ್ತದೆಯೆ? ಆಗುತ್ತದೆ ಎಂದರು ಮಿಲ್ಲರ್. ಹಾಗಾದರೆ ನನಗೆ ಅಷ್ಟು ಸಾಕು ಎಂದರು ಫ್ಲಡ್. ಆ ಡಿಸೆಂಬರಿನಲ್ಲಿ ಪೋರ್ಟೊ ರಿಕೊದಲ್ಲಿ ಸೇರಿದ ಆಟಗಾರರ ಪ್ರತಿನಿಧಿಗಳು ಒಬ್ಬರೂ ತಪ್ಪದೆ ಅವರ ಬೆನ್ನಿಗೆ ನಿಂತು ಕೈ ಎತ್ತಿದರು.

ಕ್ರಿಸ್ಮಸ್ ಹಿಂದಿನ ದಿನ ಕಮಿಷನರ್ ಬೋವಿ ಕೂನ್ ಅವರಿಗೆ ಫ್ಲಡ್ ಬರೆದ ಪತ್ರದ ಮೊದಲ ಸಾಲು ಹೀಗಿದೆ: “ಹನ್ನೆರಡು ವರ್ಷ ಮೇಜರ್ ಲೀಗಿನಲ್ಲಿ ಆಡಿದ ಮೇಲೆ, ನನ್ನ ಇಷ್ಟಾನಿಷ್ಟ ಕೇಳದೆ ಕೊಳ್ಳುವುದಕ್ಕೂ ಮಾರುವುದಕ್ಕೂ ಇರುವ ಆಸ್ತಿ ನಾನು ಎಂದು ನನಗೆ ಅನ್ನಿಸುವುದಿಲ್ಲ.” ಕೂನ್ ಉತ್ತರ ಬರೆದರು. ಮನುಷ್ಯನಾಗಿ ನೀವು ಆಸ್ತಿಯಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಈ ಪ್ರಸಂಗಕ್ಕೆ ಆ ಮಾತು ಹೇಗೆ ಅನ್ವಯಿಸುತ್ತದೆಂದು ನನಗೆ ಕಾಣುತ್ತಿಲ್ಲ ಎಂಬುದು ಅದರ ತಾತ್ಪರ್ಯ.

ಫ್ಲಡ್ ಅವರ ಸಂಬಳ ಆಗ ವರ್ಷಕ್ಕೆ 90,000 ಡಾಲರ್. ಅಷ್ಟು ದುಡ್ಡು ಎಣಿಸುವವನು ಗುಲಾಮಗಿರಿಯ ಮಾತಾಡುವುದೇ ಎಂದು ಟಿವಿಯಲ್ಲಿ ಕೇಳಿದಾಗ ಅವರು ಹೇಳಿದ್ದು: ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ. ಆ ಮಾತಿಗೆ ಅವತ್ತು ಬಹಳ ಜನ ರೇಗಿದರು. ಅವರ ಮಾತು ಓದಿದಾಗಲೆಲ್ಲ ನನಗೆ ನಮ್ಮ ‘ಜೀತ’ ನೆನಪಾಗುತ್ತದೆ. ಹಳೆಯ ಕನ್ನಡದಲ್ಲಿ ಜೀತ ಅಂದರೆ ಸಂಬಳವೇ. ತೆಲುಗಿನವರು ಇವತ್ತಿಗೂ ತಿಂಗಳ ಸಂಬಳಕ್ಕೆ ಜೀತಂ ಎನ್ನುತ್ತಾರೆ. ನಮ್ಮಲ್ಲಿ ಅದೇ ಪದ ಒಡೆಯನ ಮನೆಯಿಂದ ಬಿಟ್ಟು ಹೋಗಲಾರದವನ ದುಡಿಮೆಗೆ ಹೆಸರಾಯಿತು. ಸಾಲದ ಚೀಟಿಗೆ ಮಗನನ್ನೇ ಒಪ್ಪಿಸಿದ ತಂದೆಯ ಸಂಕಟವನ್ನು 90,000 ಡಾಲರ್ ಆಟಗಾರನ ಕಷ್ಟದ ಪಕ್ಕ ಇಟ್ಟು ತೂಗುವ ತಪ್ಪನ್ನು ನಾನು ಮಾಡುವುದಿಲ್ಲ. ಆದರೂ ಬಿಟ್ಟು ಹೋಗಲು ಬಾಗಿಲಿಲ್ಲದಿದ್ದರೆ ಸಂಬಳದ ಅರ್ಥ ಬದಲಾಗುತ್ತದೆ ಎಂಬುದನ್ನು ನಮ್ಮ ಭಾಷೆ ಎಂದೋ ಕಂಡುಕೊಂಡಿತ್ತು.

ವಿಚಾರಣೆಯಲ್ಲಿ, ಮೇಜರ್ ಲೀಗಿನ ವರ್ಣಭೇದದ ಗೋಡೆ ಒಡೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬಂದು ಫ್ಲಡ್ ಪರವಾಗಿ ಸಾಕ್ಷಿ ಹೇಳಿದರು. ಹಳೆಯ ಹೆಸರಾಂತ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬರೂ ಬಂದು ಆ ಕೋರ್ಟಿನಲ್ಲಿ ಕೂರಲಿಲ್ಲ. ಕೈ ಎತ್ತಿದವರಿಗೂ ಬೆಂಚಿನ ಮೇಲೆ ಬಂದು ಕೂರಲು ಭಯ. ಯೂನಿಯನ್ ಕೆಲಸ ಮಾಡಿದವರಿಗೆ ಈ ನೋವು ಗೊತ್ತು.

1972ರ ಜೂನಿನಲ್ಲಿ ಸುಪ್ರೀಂ ಕೋರ್ಟ್ 5-3ರಲ್ಲಿ ಫ್ಲಡ್ ವಿರುದ್ಧ ತೀರ್ಪು ಕೊಟ್ಟಿತು. ಒಬ್ಬ ನ್ಯಾಯಮೂರ್ತಿ ಹಿಂದೆ ಸರಿದಿದ್ದರು, ಕಾರ್ಡಿನಲ್ಸ್ ಮಾಲೀಕರ ಬಿಯರ್ ಕಂಪನಿಯಲ್ಲಿ ಅವರದ್ದು ಷೇರು ಇತ್ತು. ತೀರ್ಪು ಬರೆದ ಬ್ಲ್ಯಾಕ್‌ಮನ್ ಬೇಸ್‌ಬಾಲ್ ಒಂದು ವ್ಯಾಪಾರವೇ ಎಂದು ಒಪ್ಪಿದರು, ಅದಕ್ಕೆ ಸಿಕ್ಕಿರುವ ವಿನಾಯಿತಿ ಒಂದು ವಿಪರೀತ ಎಂದೂ ಒಪ್ಪಿದರು. ಆಟದ ಮೇಲಿನ ಪ್ರೀತಿಯಿಂದ ಎಂಬತ್ತಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರುಗಳನ್ನು ತೀರ್ಪಿನಲ್ಲೇ ಪಟ್ಟಿ ಮಾಡಿದರು. ಆಮೇಲೆ, ಇಷ್ಟು ವರ್ಷದಿಂದ ಬಂದ ವಿಪರೀತ ಹಾಗೇ ಇರಲಿ ಎಂದು ಬಿಟ್ಟರು. ಫ್ಲಡ್ 1970ರ ಋತುವನ್ನು ಪೂರ್ತಿ ಕಳೆದುಕೊಂಡಿದ್ದರು. 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹದಿಮೂರು ಪಂದ್ಯ ಆಡಿ ಬಿಟ್ಟುಹೋದರು. ಸಾಲ, ಕುಡಿತ, ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಒಂದು ಬಾರ್ ನಡೆಸುತ್ತ ಕಳೆದ ವರ್ಷಗಳು. 1997ರ ಜನವರಿಯಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಸರಿನಲ್ಲೇ ಒಂದು ಕಾಯ್ದೆ ಬಂತು. ಮೇಜರ್ ಲೀಗ್ ಆಟಗಾರರ ಉದ್ಯೋಗದ ಮಟ್ಟಿಗೆ ಆ ಹಳೆಯ ವಿನಾಯಿತಿಯನ್ನು ಅದು ತೆಗೆದುಹಾಕಿತು.

ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಆ ಮಧ್ಯಸ್ಥಗಾರನ ಸಾಲು. ಮಿಲ್ಲರ್ ಅದನ್ನು ಹಿಡಿದು ಕಾದರು. ಈ ನಡುವೆ 1972ರ ಏಪ್ರಿಲ್‌ನಲ್ಲಿ ಪಿಂಚಣಿಗಾಗಿ ಆಟಗಾರರು ಮೊದಲ ಮುಷ್ಕರ ಮಾಡಿದರು. 86 ಪಂದ್ಯ ರದ್ದಾದವು, ಅವನ್ನು ಮತ್ತೆ ಆಡಿಸಲಿಲ್ಲ. ಅದರಿಂದ ಆ ವರ್ಷ ಡೆಟ್ರಾಯಿಟ್ ತಂಡ ಬಾಸ್ಟನ್‌ಗಿಂತ ಒಂದು ಪಂದ್ಯ ಹೆಚ್ಚು ಆಡಿ, ಅಂಕಪಟ್ಟಿಯ ಲೆಕ್ಕದಲ್ಲಿ ಬರೀ ಅರ್ಧ ಪಂದ್ಯದ ಅಂತರದಲ್ಲಿ ವಿಭಾಗ ಗೆದ್ದಿತು. ಬಾಸ್ಟನ್ನಿನ ಹಳಬರು ಅದನ್ನು ಇನ್ನೂ ಮರೆತಿರಲಾರರು.

10ಎ ಪರೀಕ್ಷೆ ಮಾಡಬೇಕಾದರೆ ಒಬ್ಬ ಆಟಗಾರ ಹೊಸ ಕರಾರಿಗೆ ಸಹಿ ಹಾಕದೆ, ನವೀಕರಿಸಿದ ಆ ‘ಒಂದು ವರ್ಷ’ವನ್ನು ಪೂರ್ತಿ ಆಡಿ ಮುಗಿಸಬೇಕು. ಆಗ ಕೇಳಬಹುದು: ವರ್ಷ ಮುಗಿಯಿತು, ಈಗ ನಾನು ಯಾರವನು? ಹೇಳುವುದು ಸುಲಭ. ಸಹಿ ಇಲ್ಲದೆ ಆಡುವಾಗ ಕೈಯೋ ಭುಜವೋ ಹೋದರೆ ಮುಂದಿನ ವರ್ಷ ಏನೂ ಇಲ್ಲ. ಹಲವರು ಹಾಗೆ ಶುರು ಮಾಡಿದರು. ಋತು ಮುಗಿಯುವ ಮೊದಲು ಕ್ಲಬ್ಬು ದೊಡ್ಡ ಮೊತ್ತ ಮುಂದಿಡುತ್ತಿತ್ತು, ಸಹಿ ಬೀಳುತ್ತಿತ್ತು, ಪ್ರಶ್ನೆ ಹಾಗೇ ಉಳಿಯುತ್ತಿತ್ತು.

1975ರಲ್ಲಿ ಇಬ್ಬರು ಉಳಿದರು. ಒಬ್ಬರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಆ್ಯಂಡಿ ಮೆಸ್ಸರ್‌ಸ್ಮಿತ್. ಹಿಂದಿನ ವರ್ಷ 20 ಪಂದ್ಯ ಗೆದ್ದವರು. ಅವರು ಕೇಳಿದ್ದು ಹಣಕ್ಕಿಂತ ಹೆಚ್ಚಾಗಿ ಒಂದು ಭರವಸೆ: ನನ್ನ ಒಪ್ಪಿಗೆ ಇಲ್ಲದೆ ನನ್ನನ್ನು ಬೇರೆ ತಂಡಕ್ಕೆ ಕೊಡಬೇಡಿ. ಕ್ಲಬ್ಬು ಅದಕ್ಕೆ ಮಾತ್ರ ಒಪ್ಪಲಿಲ್ಲ. ಅವರು ಸಹಿ ಹಾಕದೆ ಇಡೀ ಋತು ಆಡಿ 19 ಪಂದ್ಯ ಗೆದ್ದರು.

ಇನ್ನೊಬ್ಬರು ಡೇವ್ ಮ್ಯಾಕ್‌ನ್ಯಾಲಿ. ಬಾಲ್ಟಿಮೋರಿಗೆ ಸತತ ನಾಲ್ಕು ವರ್ಷ ಇಪ್ಪತ್ತು ಇಪ್ಪತ್ತು ಪಂದ್ಯ ಗೆದ್ದುಕೊಟ್ಟ ಪಿಚರ್. ಆ ವರ್ಷ ಮಾಂಟ್ರಿಯಲ್‌ಗೆ ಬಂದು, ಕರಾರಿನ ಮಾತು ಮುರಿದು, ಆಟವೂ ಕೈಹಿಡಿಯದೆ ಜೂನ್ ಹೊತ್ತಿಗೆ ಬಿಟ್ಟು ತಮ್ಮ ಊರಾದ ಮೊಂಟಾನಾದ ಬಿಲಿಂಗ್ಸ್‌ಗೆ ಹೋಗಿ ಕಾರು ಮಾರಾಟದ ವ್ಯಾಪಾರಕ್ಕೆ ಇಳಿದಿದ್ದರು. ಆದರೆ ಕಾಗದದ ಮೇಲೆ ಅವರದ್ದೂ ಸಹಿಯಾಗದ ಕರಾರೇ. ಮೆಸ್ಸರ್‌ಸ್ಮಿತ್ ಕೊನೆಗಳಿಗೆಯಲ್ಲಿ ಸಹಿ ಹಾಕಿಬಿಟ್ಟರೆ ಎಂಬ ಅಳುಕಿನಿಂದ ಮಿಲ್ಲರ್ ತಾವೇ ಮ್ಯಾಕ್‌ನ್ಯಾಲಿಗೆ ಫೋನ್ ಮಾಡಿ, ನಿಮ್ಮ ಹೆಸರನ್ನೂ ಸೇರಿಸಲೇ ಎಂದು ಕೇಳಿದರು. ಮ್ಯಾಕ್‌ನ್ಯಾಲಿ ಸೇರಿಸಿ ಎಂದರು. ಸುದ್ದಿ ತಿಳಿದ ಮೇಲೆ ಮಾಂಟ್ರಿಯಲ್ ಕ್ಲಬ್ಬಿನ ಅಧ್ಯಕ್ಷರೇ ಬಿಲಿಂಗ್ಸ್‌ಗೆ ಹೋದರು. ಸಹಿ ಹಾಕಿದರೆ ಮುಂದಿನ ವರ್ಷಕ್ಕೆ 1,25,000 ಡಾಲರ್, ಬರೀ ಅಭ್ಯಾಸ ಶಿಬಿರಕ್ಕೆ ಬಂದರೆ ಇನ್ನೂ 25,000. ಆಟ ಬಿಟ್ಟ ಮನುಷ್ಯನಿಗೆ! ಆಡುವುದಿಲ್ಲ ಎಂದು ತೀರ್ಮಾನಿಸಿದ್ದ ಮ್ಯಾಕ್‌ನ್ಯಾಲಿ ಆ ಹಣ ಮುಟ್ಟಲಿಲ್ಲ. ಗೆದ್ದರೆ ಅವರಿಗೆ ಸಿಗುವುದು ಏನೂ ಇರಲಿಲ್ಲ, ಸಿಗಲೂ ಇಲ್ಲ. ಇಡೀ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಮನುಷ್ಯ ಅವರೇ.

ಮಧ್ಯಸ್ಥಗಾರ ಪೀಟರ್ ಸೈಟ್ಸ್ ಎಂಬ ಹಿರಿಯ ವಕೀಲರು. ನೀವೇ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಎರಡೂ ಕಡೆಯವರನ್ನು ಕೇಳಿಕೊಂಡರು. ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. 1975ರ ಡಿಸೆಂಬರ್ 23ರಂದು ಅವರು ತೀರ್ಪು ಕೊಟ್ಟರು. ಒಂದು ವರ್ಷ ಅಂದರೆ ಒಂದು ವರ್ಷ. ಅಷ್ಟೇ. ತೀರ್ಪು ಕೊಟ್ಟ ಕೆಲವೇ ನಿಮಿಷಗಳಲ್ಲಿ ಮಾಲೀಕರ ಕಡೆಯವರು ಅವರನ್ನು ಆ ಹುದ್ದೆಯಿಂದ ತೆಗೆದ ಪತ್ರವನ್ನು ಕೈಗಿತ್ತರು. ಎರಡು ಮೇಲಿನ ನ್ಯಾಯಾಲಯಗಳಲ್ಲೂ ತೀರ್ಪು ನಿಂತಿತು. ಮೆಸ್ಸರ್‌ಸ್ಮಿತ್ ಅಟ್ಲಾಂಟಾ ತಂಡ ಸೇರಿದರು. ಹೊಸ ಮಾಲೀಕ ಟೆಡ್ ಟರ್ನರ್ ತಮ್ಮ 17ನೇ ಟಿವಿ ಚಾನೆಲ್ಲಿಗೆ ಜಾಹೀರಾತಾಗಲಿ ಎಂದು ಅವರಿಗೆ 17ನೇ ಸಂಖ್ಯೆಯ ಅಂಗಿ ಕೊಟ್ಟು, ಹೆಸರಿನ ಜಾಗದಲ್ಲಿ ‘ಚಾನೆಲ್’ ಎಂದು ಬರೆಸಿದರು. ಲೀಗ್ ಅದನ್ನು ತಡೆಯಿತು.

ಈಗ ಮಿಲ್ಲರ್ ಅವರ ಜಾಣತನ ನೋಡಿ. ತೀರ್ಪಿನ ಪ್ರಕಾರ ಎಲ್ಲ ಆಟಗಾರರೂ ಸಹಿ ಹಾಕದೆ ಒಂದು ವರ್ಷ ಆಡಿ ಸ್ವತಂತ್ರರಾಗಬಹುದಿತ್ತು, ಅಂದರೆ ಯಾವ ತಂಡದ ಜೊತೆಗಾದರೂ ಕರಾರು ಮಾಡಿಕೊಳ್ಳಬಹುದಿತ್ತು. ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲೆ ಒಬ್ಬರೇ ಹೇಳಿದರು: ಎಲ್ಲರನ್ನೂ ಬಿಟ್ಟುಬಿಡಿ, ಪ್ರತಿ ವರ್ಷ ಎಲ್ಲರೂ ಸ್ವತಂತ್ರರಾಗಲಿ. ಉಳಿದ ಮಾಲೀಕರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮಿಲ್ಲರ್ ಮಾತ್ರ ಒಳಗೊಳಗೇ ಹೆದರಿದ್ದರು, ಮಾಲೀಕರಿಗೆ ಎಲ್ಲಿ ಈ ಮಾತು ಹೊಳೆದುಬಿಡುತ್ತದೋ ಎಂದು. ಸುಗ್ಗಿಯಲ್ಲಿ ಎಲ್ಲರೂ ಒಂದೇ ದಿನ ಟೊಮೆಟೊ ತಂದು ಕೋಲಾರದ ಮಂಡಿಗೆ ಸುರಿದರೆ ಏನಾಗುತ್ತದೆ ಎಂದು ನಮ್ಮ ರೈತರನ್ನು ಕೇಳಿ. ನೂರಾರು ಆಟಗಾರರು ಒಟ್ಟಿಗೆ ಮಾರುಕಟ್ಟೆಗೆ ಬಂದರೆ ಬೆಲೆ ಕುಸಿಯುತ್ತದೆ. ಪ್ರತಿ ವರ್ಷ ಕೆಲವರು ಮಾತ್ರ ಬಂದರೆ, ಅವರಿಗೆ ಕಟ್ಟಿದ ಬೆಲೆಯೇ ಉಳಿದವರಿಗೂ ಅಳತೆಗೋಲು. 1976ರ ಒಪ್ಪಂದದಲ್ಲಿ ಆರು ವರ್ಷದ ಸೇವೆ ಆದವರಿಗೆ ಮಾತ್ರ ಸ್ವಾತಂತ್ರ್ಯ ಎಂದು ಒಪ್ಪಿಕೊಂಡದ್ದು ಸೋಲಿನ ಹಾಗೆ ಕಂಡಿತು. ಆ ವರ್ಷ ಸರಾಸರಿ ಸಂಬಳ ಸುಮಾರು 51,000 ಡಾಲರ್ ಇತ್ತು. ನಾಲ್ಕೇ ವರ್ಷದಲ್ಲಿ, 1980ಕ್ಕೆ, 1,43,000 ದಾಟಿತು.

ಮಾಲೀಕರು ಸುಮ್ಮನಿರಲಿಲ್ಲ. 1981ರಲ್ಲಿ ಐವತ್ತು ದಿನದ ಮುಷ್ಕರ, 713 ಪಂದ್ಯ ರದ್ದು. 1985ರಿಂದ ಮೂರು ಋತು, ಸ್ವತಂತ್ರ ಆಟಗಾರರನ್ನು ಯಾರೂ ಕೊಳ್ಳಬಾರದೆಂದು ಒಳಗೊಳಗೇ ಕೈಜೋಡಿಸಿದರು. ಆ್ಯಂಡ್ರೆ ಡಾಸನ್ ಎಂಬ ದೊಡ್ಡ ಆಟಗಾರ 1987ರಲ್ಲಿ ಷಿಕಾಗೊ ಕಬ್ಸ್ ಕಚೇರಿಗೆ ಹೋಗಿ, ಮೊತ್ತದ ಜಾಗ ಖಾಲಿ ಬಿಟ್ಟ ಕರಾರನ್ನು ಕೊಟ್ಟು, ನೀವೇ ಬರೆದುಕೊಳ್ಳಿ ಎನ್ನಬೇಕಾಯಿತು. ಅವರು 5,00,000 ಎಂದು ಬರೆದರು. ಡಾಸನ್ ಆ ವರ್ಷ 49 ಹೋಮ್ ರನ್ ಹೊಡೆದು ಲೀಗಿನ ಶ್ರೇಷ್ಠ ಆಟಗಾರರಾದರು. ಕೊನೆಗೆ ಮಾಲೀಕರು ಈ ಒಳಸಂಚಿಗೆ 28 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು.

1994ರದ್ದು ಬೇರೆಯೇ ಗಾಯ. ಒಟ್ಟು ಸಂಬಳಕ್ಕೆ ಮಿತಿ ಹಾಕಬೇಕು ಎಂದು ಮಾಲೀಕರು, ಆಗುವುದಿಲ್ಲ ಎಂದು ಆಟಗಾರರು. ಆಗಸ್ಟ್ 12ರಂದು ಮುಷ್ಕರ. ಸೆಪ್ಟೆಂಬರ್ 14ರಂದು ವಿಶ್ವ ಸರಣಿಯೇ ರದ್ದು. ಎರಡು ಮಹಾಯುದ್ಧಗಳೂ ನಿಲ್ಲಿಸದಿದ್ದ ಸರಣಿ ಅದು. ಟೋನಿ ಗ್ವಿನ್ ಎಂಬ ಆಟಗಾರನ ಆ ವರ್ಷದ ಬ್ಯಾಟಿಂಗ್ ಸರಾಸರಿ .394ರಲ್ಲಿ ನಿಂತಿತ್ತು. .400 ಮುಟ್ಟಿದವರು 1941ರಿಂದ ಯಾರೂ ಇಲ್ಲ, ಗ್ವಿನ್ ಮುಟ್ಟುತ್ತಿದ್ದರೋ ಏನೋ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಮಾಂಟ್ರಿಯಲ್. ತೀರಾ ಕಡಿಮೆ ಸಂಬಳದ ತಂಡಗಳಲ್ಲಿ ಒಂದಾಗಿದ್ದ ಆ ಊರಿನ ಎಕ್ಸ್‌ಪೋಸ್ ಆ ದಿನ 74 ಗೆಲುವು, 40 ಸೋಲಿನೊಂದಿಗೆ ಇಡೀ ಮೇಜರ್ ಲೀಗಿಗೇ ಮುಂದಿತ್ತು. ಮುಷ್ಕರ ಮುಗಿದ ಬೆನ್ನಿಗೆ ಕ್ಲಬ್ಬು ಒಬ್ಬೊಬ್ಬರನ್ನಾಗಿ ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟಿತು. ಹತ್ತು ವರ್ಷದಲ್ಲಿ ತಂಡವೇ ಊರು ಬಿಟ್ಟು ವಾಷಿಂಗ್ಟನ್‌ಗೆ ಹೋಯಿತು. ಮುಷ್ಕರದಲ್ಲಿ ನ್ಯಾಯ ಯಾರ ಕಡೆ ಇತ್ತು ಎಂದು ಕೇಳಿದರೆ ನಾನು ಆಟಗಾರರ ಕಡೆ ಎನ್ನುತ್ತೇನೆ. ಆದರೆ ಮಾಂಟ್ರಿಯಲ್‌ನಲ್ಲಿ ಮಗನ ಕೈಹಿಡಿದು ಪಂದ್ಯಕ್ಕೆ ಹೋಗುತ್ತಿದ್ದವನಿಗೆ ನನ್ನ ಬಳಿ ಉತ್ತರವಿಲ್ಲ.

ಮುಷ್ಕರ 232 ದಿನ ನಡೆಯಿತು. 1995ರ ವಸಂತದಲ್ಲಿ ಮಾಲೀಕರು ಬದಲಿ ಆಟಗಾರರನ್ನು ಇಳಿಸಲು ಹೊರಟಾಗ ಮೈದಾನದಲ್ಲಿ ಡೆಟ್ರಾಯಿಟ್ ತಂಡ ನಡೆಸುತ್ತಿದ್ದ ಮ್ಯಾನೇಜರ್ ಸ್ಪಾರ್ಕಿ ಆ್ಯಂಡರ್ಸನ್ ಅಂಥ ತಂಡವನ್ನು ನಡೆಸುವುದಿಲ್ಲ ಎಂದು ಮನೆಗೆ ಹೋದರು. ಮಾರ್ಚ್ 31ರಂದು ಮ್ಯಾನ್‌ಹಟನ್‌ನ ಯುವ ನ್ಯಾಯಾಧೀಶೆ, ಯಾಂಕಿ ಸ್ಟೇಡಿಯಂ ಇರುವ ಬ್ರಾಂಕ್ಸಿನಲ್ಲೇ ಬೆಳೆದ ಸೋನಿಯಾ ಸೊಟೊಮಾಯೋರ್, ಮಾಲೀಕರು ಹಳೆಯ ಒಪ್ಪಂದದ ನಿಯಮಗಳಿಗೆ ಮರಳಬೇಕು ಎಂದು ತಡೆಯಾಜ್ಞೆ ಕೊಟ್ಟರು. ಆಟಗಾರರು ಮೈದಾನಕ್ಕೆ ಬಂದರು. ಪ್ರೇಕ್ಷಕರು ಬಹಳ ಕಾಲ ಪೂರ್ತಿ ಬರಲಿಲ್ಲ. ಸೊಟೊಮಾಯೋರ್ ಮುಂದೆ ಸುಪ್ರೀಂ ಕೋರ್ಟ್ ಸೇರಿದರು.

ಇವತ್ತಿನ ಸಂಬಳ ಕೇಳಿದರೆ ತಲೆ ತಿರುಗುತ್ತದೆ. 2024ರ ಡಿಸೆಂಬರಿನಲ್ಲಿ ಹ್ವಾನ್ ಸೋಟೊ ನ್ಯೂಯಾರ್ಕ್ ಮೆಟ್ಸ್ ಜೊತೆ ಹದಿನೈದು ವರ್ಷಕ್ಕೆ 76.5 ಕೋಟಿ ಡಾಲರ್ ಕರಾರು ಮಾಡಿಕೊಂಡರು. ಪತ್ರಿಕೆಗಳು ಬರೆಯುವುದು ಅಂಥವನ್ನೇ. ನಾನು ಕೇಳುವ ಪ್ರಶ್ನೆ ಹಳೆಯದೇ: ಒಂದು ವರ್ಷ ಅಂದರೆ ಈಗ ಎಷ್ಟು?

ಮೇಜರ್ ಲೀಗಿನಲ್ಲಿ ಒಂದು ವರ್ಷದ ಸೇವೆ ಅಂದರೆ ಈಗ 172 ದಿನ. ಅಂಥ ಆರು ವರ್ಷ ತುಂಬಿದರೆ ಸ್ವಾತಂತ್ರ್ಯ. 2015ರಲ್ಲಿ ಷಿಕಾಗೊ ಕಬ್ಸ್ ತಂಡದ ಹುಡುಗ ಕ್ರಿಸ್ ಬ್ರಯಂಟ್ ಅಭ್ಯಾಸ ಪಂದ್ಯಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆದರೂ ಋತುವಿನ ಆರಂಭಕ್ಕೆ ಕಿರಿಯ ಲೀಗಿಗೆ ಹೋಗಬೇಕಾಯಿತು. ಏಪ್ರಿಲ್ 17ಕ್ಕೆ ಕರೆ ಬಂತು. ಋತುವಿನ ಕೊನೆಗೆ ಅವರ ಲೆಕ್ಕದಲ್ಲಿ 171 ದಿನ. ಒಂದು ದಿನ ಕಡಿಮೆಯಾದ್ದರಿಂದ ಆ ವರ್ಷ ವರ್ಷವೇ ಅಲ್ಲ, ಸ್ವಾತಂತ್ರ್ಯ ಪೂರ್ತಿ ಒಂದು ವರ್ಷ ಮುಂದಕ್ಕೆ. ಆ ಋತುವಿನ ಶ್ರೇಷ್ಠ ಹೊಸಬ ಅವರೇ! ಹುಡುಗನ ಆಟ ಇನ್ನೂ ತಿದ್ದಬೇಕಿತ್ತು ಎಂದಿತು ಕ್ಲಬ್ಬು. ಸಂಘದ ದೂರನ್ನು 2020ರಲ್ಲಿ ಮಧ್ಯಸ್ಥಗಾರ ತಳ್ಳಿಹಾಕಿದರು. 99 ದಿನದ ಲಾಕೌಟ್ ಮುಗಿಸಿ 2022ರ ಮಾರ್ಚ್ 10ರಂದು ಆದ ಒಪ್ಪಂದದಲ್ಲಿ ಇದಕ್ಕೆ ಅರ್ಧ ಮದ್ದು ಸಿಕ್ಕಿತು. ಶ್ರೇಷ್ಠ ಹೊಸಬ ಪ್ರಶಸ್ತಿಯ ಮತದಲ್ಲಿ ಮೊದಲ ಇಬ್ಬರೊಳಗೆ ಬಂದವರಿಗೆ ದಿನ ಎಷ್ಟೇ ಇರಲಿ, ಪೂರ್ತಿ ವರ್ಷದ ಸೇವೆ ಲೆಕ್ಕಕ್ಕೆ ಬರುತ್ತದೆ. ಅದೇ ಒಪ್ಪಂದ ಕನಿಷ್ಠ ಸಂಬಳವನ್ನು 5,70,500ರಿಂದ 7,00,000 ಡಾಲರಿಗೆ ಏರಿಸಿತು.

ಇನ್ನು ಕಿರಿಯ ಲೀಗ್. ಅಲ್ಲಿ ಒಂದು ವರ್ಷ ಅಂದರೆ ಐದು ತಿಂಗಳು ಮಾತ್ರ ಇತ್ತು. ಪಂದ್ಯ ನಡೆಯುವ ತಿಂಗಳಿಗಷ್ಟೇ ಸಂಬಳ. ವಸಂತದ ಅಭ್ಯಾಸ ಶಿಬಿರದಲ್ಲಿ ಬೆಳಗ್ಗೆಯಿಂದ ಬೆವರು ಸುರಿಸಿದರೂ ಕೂಲಿ ಇಲ್ಲ. ಒಂದೇ ಬಾಡಿಗೆ ಮನೆಯಲ್ಲಿ ಐದಾರು ಹುಡುಗರು, ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ, ಋತು ಮುಗಿದೊಡನೆ ಇನ್ನೆಲ್ಲೋ ಕೂಲಿ. 2008ರಲ್ಲಿ ಟಿವಿ ಸ್ಪರ್ಧೆ ಗೆದ್ದು ಪಿಟ್ಸ್‌ಬರ್ಗ್ ಕ್ಲಬ್ಬು ಸೇರಿದ ನಮ್ಮ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಆಡಿದ್ದೂ ಈ ಕಿರಿಯ ಲೀಗುಗಳಲ್ಲೇ. 2014ರಲ್ಲಿ ಕೆಲವು ಮಾಜಿ ಆಟಗಾರರು, ಕನಿಷ್ಠ ಕೂಲಿ ಕಾಯ್ದೆ ನಮಗೂ ಉಂಟೋ ಇಲ್ಲವೋ ಎಂದು ದಾವೆ ಹೂಡಿದರು. ದಾವೆ ನಡೆಯುತ್ತಿರುವಾಗಲೇ, 2018ರಲ್ಲಿ, ಮಾಲೀಕರು ಸಂಸತ್ತಿನ ಬಜೆಟ್ ಮಸೂದೆಯೊಳಗೆ ಒಂದು ತುಣುಕು ಸೇರಿಸಿ, ಈ ಹುಡುಗರಿಗೆ ಹೆಚ್ಚುವರಿ ಹೊತ್ತಿನ ಕೂಲಿ ಸಿಗದ ಹಾಗೆ ಮಾಡಿಸಿದರು. ಆದರೂ ದಾವೆ ನಿಂತಿತು. 2022ರಲ್ಲಿ 18.5 ಕೋಟಿ ಡಾಲರಿಗೆ ರಾಜಿಯಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಕಿರಿಯ ಲೀಗ್ ಆಟಗಾರರು ಮೇಜರ್ ಲೀಗ್ ಆಟಗಾರರ ಸಂಘಕ್ಕೇ ಸೇರಿದರು. ಐವತ್ತಾರು ವರ್ಷ ಹಿಂದೆ ಮಿಲ್ಲರ್ ಬಂದು ನಿಲ್ಲಿಸಿದ ಸಂಘ ಅದು. 2023ರ ವಸಂತದಲ್ಲಿ ಅವರ ಮೊದಲ ಒಪ್ಪಂದವಾಯಿತು. ತಳದ ಹಂತದ ಆಟಗಾರನ ವರ್ಷದ ಸಂಬಳ 4,800 ಡಾಲರಿನಿಂದ 19,800ಕ್ಕೆ, ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನವನದು 17,500ರಿಂದ 35,800ಕ್ಕೆ ಏರಿತು. ವಸಂತದ ಶಿಬಿರಕ್ಕೂ ಸಂಬಳ, ಚಳಿಗಾಲದ ಬಹುಪಾಲು ವಾರಗಳಿಗೂ ಸಂಬಳ. ಹತ್ತೊಂಬತ್ತು ದಾಟಿ ಸೇರುವ ಹೊಸಬರನ್ನು ಕ್ಲಬ್ಬು ಕಾಯ್ದಿರಿಸಿಕೊಳ್ಳುವ ಕಾಲ ಏಳು ವರ್ಷದಿಂದ ಆರಕ್ಕೆ ಇಳಿಯಿತು.

ಮೇಜರ್ ಲೀಗಿನ ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರ ತನಕ. ಕಿರಿಯ ಲೀಗಿನದು 2027ರ ಋತುವಿನ ತನಕ. ಹೊಸ ಕರಾರು ಬಂದಾಗ ಪತ್ರಿಕೆಗಳು ಕೋಟಿಯ ಅಂಕಿಯನ್ನು ಮೇಲೆ ಹಾಕುತ್ತವೆ. ನಾನು ಮೊದಲು ಹುಡುಕುವುದು ಒಳಪುಟದಲ್ಲಿರುವ ಎರಡು ಸಾಲು: ತಳದ ಹುಡುಗನಿಗೆ ಎಷ್ಟು, ಮತ್ತು ಅವನು ಎಷ್ಟು ದಿನ ಆಡಿದರೆ ಅದು ಒಂದು ವರ್ಷ.

ನಮಸ್ಕಾರ.